ಬೊಂಬೆಪೆಟ್ಟಿಗೆಯ ತಳದಲ್ಲಿದ್ದ ರೋಬೋಟ್‌ಗಳು

ಆ ಕಾಲದಲ್ಲಿ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಒಂದು ಮನೆಯ ಮಾತು ಸಂಜೆಯೊಳಗೆ ಎಲ್ಲ ಮನೆಗಳ ಮಾತಾಗುತ್ತಿತ್ತು. ಅದನ್ನು ಒಗ್ಗಟ್ಟೆಂದು ಹೊಗಳುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಒಂದು ದಸರಾ ರಜೆಗೆ ಚಿಕ್ಕಪ್ಪ ಸಿಂಗಪುರದಿಂದ ಎರಡು ಪ್ಲಾಸ್ಟಿಕ್ ರೋಬೋಟ್ ತಂದರು. ಡಬ್ಬಿಯಲ್ಲಿದ್ದುದು ಬಿಡಿ ಕೈಕಾಲು, ತಲೆಗಳಷ್ಟೇ. ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ಟೈಲರ್ ಮಗ ಮಣಿಯೂ ನಾನೂ ಜಗಲಿಯ ಕಲ್ಲಿಗೆ ಅವುಗಳ ಅಂಚು ಉಜ್ಜಿ, ಗೋಂದು ಹಚ್ಚಿ ಜೋಡಿಸಿದೆವು. ಗೋಂದಿನ ಘಾಟು ಉಸಲಿಯ ಒಗ್ಗರಣೆಯನ್ನೂ ಮೀರಿಸಿತ್ತು. ಕೆಂಪು ರೋಬೋಟಿನ ಎಡಗೈಯನ್ನು ಮಣಿ ಹಿಂದುಮುಂದಾಗಿ ಅಂಟಿಸಿಬಿಟ್ಟ.

“ಬೆನ್ನು ಕೆರ್ಕೊಳ್ಳೋಕೆ ಬೇಕಲ್ಲ ಮಗಾ, ಇರ್ಲಿ ಬಿಡು!” ಎಂದು ನಕ್ಕ.

ಅಮ್ಮ ಅವೆರಡನ್ನೂ ದಸರಾ ಬೊಂಬೆಗಳ ಕೊನೆಯ ಮೆಟ್ಟಿಲಲ್ಲಿ, ಬೊಂಬೆ ಶೆಟ್ಟರ ಅಂಗಡಿಗೆ ಕಾವಲು ನಿಲ್ಲಿಸಿದಳು. “ಬೊಂಬೆ ಕೂರ್ಸಿದೀರಾ?” ಎಂದು ಬಂದ ಮಕ್ಕಳು ರಾಜ-ರಾಣಿಯರನ್ನು ಬಿಟ್ಟು ಅವನ್ನೇ ನೋಡಿದರು.

ವಿಜಯದಶಮಿಯ ಮರುದಿನ ಅಮ್ಮ ಬೊಂಬೆಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದಳು. ಸಂಜೆಗೆ ರೋಬೋಟ್‌ಗಳು ಕಾಣಲಿಲ್ಲ.

“ಹಿಂದಿನ ಮನೆ ಹುಡುಗನ್ನ ಒಳಗೆ ಬಿಟ್ಕೊಂಡ್ರೆ ಇನ್ನೇನಾಗತ್ತೆ?” ಎಂದಳು ಅಮ್ಮ.

“ಪೆಟ್ಟಿಗೇಲಿ ಒಂದ್ಸಲ ನೋಡಮ್ಮ.”

“ಕಟ್ಟಿಟ್ಟ ಬೊಂಬೆಪೆಟ್ಟಿಗೆ ಮುಂದಿನ ದಸರಾಕ್ಕೇ ತೆಗೆಯೋದು. ನಾನೇನು ಕುರುಡೀನಾ?”

ಮಣಿಯ ತಾಯಿ ಬಾಗಿಲಿಗೆ ಬಂದರು. “ಅಕ್ಕಾ, ನಮ್ ಹುಡ್ಗ ಅಂಥೋನಲ್ಲ. ಬೇಕಾದ್ರೆ ಬಂದು ಮನೆಯೆಲ್ಲ ಹುಡುಕಿ.”

ಅಮ್ಮ ಹುಡುಕಲು ಹೋಗಲಿಲ್ಲ. ಆಡಿದ ಮಾತನ್ನೂ ಹಿಂದೆಗೆದುಕೊಳ್ಳಲಿಲ್ಲ. ವಠಾರದ ಮಕ್ಕಳು ಮಣಿಯನ್ನು ಕಳ್ಳನೆಂದೇ ಕೂಗತೊಡಗಿದರು. ದೀಪಾವಳಿಗೆ ಮೊದಲೇ ಅವರು ಮನೆ ಖಾಲಿ ಮಾಡಿದರು. ಕೈಗಾಡಿಯ ಮೇಲಿನ ಹೊಲಿಗೆಯಂತ್ರ ಹಿಡಿದು ಹಿಂದೆ ನಡೆದ ಮಣಿ ನನ್ನತ್ತ ತಿರುಗಲಿಲ್ಲ.

ಮರುವರ್ಷ ಪೆಟ್ಟಿಗೆ ತೆರೆದಾಗ ನಾನು ಶಾಲೆಯಲ್ಲಿದ್ದೆ. ಬಂದು ಕೇಳಿದರೆ, “ಇಲ್ಲ ಅಂತ ಅವತ್ತೇ ಹೇಳ್ಲಿಲ್ವಾ?” ಎಂದಳು ಅಮ್ಮ.

ಅಮ್ಮ ತೀರಿಕೊಂಡ ಮೇಲೆ ಆ ಪೆಟ್ಟಿಗೆ ಅಕ್ಕನ ಮನೆ ಸೇರಿತ್ತು. ಕಳೆದ ತಿಂಗಳು ಅದನ್ನು ಬರಿದು ಮಾಡುವಾಗ ತಳದಲ್ಲಿ ಎರಡು ಪುಟ್ಟ ಗಂಟುಗಳು ಸಿಕ್ಕವು. ಬಿಚ್ಚಿದರೆ ರೋಬೋಟ್‌ಗಳು, ಕೆಂಪಿನದರ ಎಡಗೈ ಹಿಂದುಮುಂದೇ. ಆದರೆ ಸುತ್ತಿದ್ದುದು ಪಂಚೆಯ ತುಂಡಲ್ಲ, ಅಕ್ಕನ ಮದುವೆ ಸೀರೆಯ ಗಿಳಿಹಸಿರು ರವಿಕೆಬಟ್ಟೆ. ಆ ಮದುವೆ ನಡೆದದ್ದು ಮಣಿಯ ಮನೆಯವರು ಹೋಗಿ ಎಷ್ಟೋ ವರ್ಷಗಳ ಮೇಲೆ.

“ಅಮ್ಮ ಮರೆತಿರ್ತಾಳೆ ಕಣೋ. ಸತ್ತೋರ ಮೇಲೆ ಯಾಕೆ ಈಗ?” ಎಂದಳು ಅಕ್ಕ.

“ಮರೆತೋಳು ಹೊಸ ಬಟ್ಟೆ ಸುತ್ತಿಡ್ತಾಳೇನಕ್ಕಾ?”

ಅಕ್ಕ ಆ ಬಟ್ಟೆಯನ್ನು ಮಡಿಸುತ್ತ ಕುಳಿತಳು.

ವಠಾರವಿದ್ದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಅಂದು ಸುಳ್ಳನ್ನು ಕೇಳಲು ಅಷ್ಟೂ ಮನೆಯವರು ನೆರೆದಿದ್ದರು. ಇಂದು ನಿಜ ನನ್ನ ಕೈಯಲ್ಲಿದೆ. ಅದನ್ನು ಕೇಳಬೇಕಾದವರಲ್ಲಿ ಒಬ್ಬರೂ ಅಲ್ಲಿಲ್ಲ. ಮಣಿ ಎಲ್ಲಿದ್ದಾನೆಂದು ಬಲ್ಲವರೂ ಇಲ್ಲ.