ಹುಳುಗಳ ಕೆಳಗಿದ್ದ ನಗರ

“ಮುಟ್ಬೇಡಿ ಮೇಡಮ್ಮ, ಹುಳ ಜ್ವರಕ್ಕೆ ಕೂತವೆ!” ಎಂದು ಮುನಿಯಮ್ಮ ನನ್ನ ಕೈ ಹಿಡಿದರು. ಅರವತ್ತರ ದಶಕದಲ್ಲಿ ಸಾದಲಿಯ ಶಾಲೆಯಲ್ಲಿ ಟೀಚರಾಗಿದ್ದ ನಾನು ಅವರ ಮನೆಯಲ್ಲೇ ಬಾಡಿಗೆಗಿದ್ದೆ. ರೇಷ್ಮೆಹುಳುವಿನ ತಟ್ಟೆಗೆ ಹಾಸಿದ್ದ ಹಳೇ ಪೇಪರನ್ನು ಓದುವ ಚಪಲಕ್ಕೆ ಎಳೆಯಲು ಹೋಗಿದ್ದೆ. ಹುಳು ಮೇವು ಬಿಟ್ಟು ಪೊರೆ ಕಳಚುವ ಆ ‘ಜ್ವರ’ದ ದಿನ ತಟ್ಟೆಯನ್ನು ಅಲುಗಿಸಬಾರದೆಂದು ನನಗೆ ಹೊಳೆದೇ ಇರಲಿಲ್ಲ.

ಅಂಚಿನಲ್ಲಿ ಕಂಡಷ್ಟನ್ನೇ ಬಗ್ಗಿ ಗಟ್ಟಿಯಾಗಿ ಓದಿದೆ. ನೈಲ್ ನದಿಯ ದಡದಲ್ಲಿ, ನೂಬಿಯಾ ಎಂಬ ನಾಡಿನಲ್ಲಿ, ಫರಸ್ ಎಂಬ ಪುರಾತನ ನಗರವಿತ್ತಂತೆ. ಮರಳಿನಡಿ ಹೂತಿದ್ದ ಅದರ ಚರ್ಚಿನ ಗೋಡೆಗಳಲ್ಲಿ ಬಣ್ಣದ ಚಿತ್ರಗಳು ನೂರಾರು ವರ್ಷ ಮಾಸದೆ ಉಳಿದಿದ್ದವಂತೆ. ಹೊಸ ಅಣೆಕಟ್ಟಿನ ನೀರು ಏರುವ ಮೊದಲು ಅವನ್ನು ಗೋಡೆಯಿಂದ ಕಳಚಿ ಸಾಗಿಸಿದರಂತೆ. ಸುತ್ತಲಿನ ಹಳ್ಳಿಗಳನ್ನೂ ಒಕ್ಕಲೆಬ್ಬಿಸಿದರಂತೆ. ಮುಂದಿನದು ಹುಳುಗಳ ಕೆಳಗಿತ್ತು.

“ಗೋಡೆ ಮೇಲಿನ ಬೊಂಬೆಗಳ್ನ ಸಾಗಿಸಿದ್ರು, ಸರಿ. ಅಲ್ಲಿ ಮಣ್ಣು ಮಾಡಿದ್ದ ಸತ್ತೋರ್ನ ಏನ್ ಮಾಡಿದ್ರು?” ಎಂದರು ಮುನಿಯಮ್ಮ.

ಮರುದಿನ ಹುಳುಗಳು ಪೊರೆ ಕಳಚಿ, ಹಸಿದು ಜ್ವರದಿಂದ ಎದ್ದವು. ಅವನ್ನು ಬೇರೆ ತಟ್ಟೆಗೆ ದಾಟಿಸಿ, ಹಿಕ್ಕೆ ಕೊಡವಿ, ಮುನಿಯಮ್ಮ ಪೇಪರನ್ನು ನನ್ನ ಕೈಗಿಟ್ಟರು. ಊರು ಬಿಡುವ ಮುನ್ನ ಆ ಹಳ್ಳಿಗಳ ಜನ ತಮ್ಮವರ ಗೋರಿಗಳಿಗೆ ನೀರು ಚಿಮುಕಿಸಿ ಹೊರಟರೆಂದು ಕೊನೆಯ ಸಾಲಿನಲ್ಲಿತ್ತು; ಗಟ್ಟಿಯಾಗಿ ಓದಿದೆ. ಮುನಿಯಮ್ಮ ಚೆಂಬಿಗೆ ನೀರು ತುಂಬಿಕೊಂಡು ಹಿಪ್ಪುನೇರಳೆ ತೋಟದ ಮೂಲೆಗೆ, ಗಂಡನ ಸಮಾಧಿಯ ಕಡೆ ನಡೆದರು.

ಪೇಪರಿನಲ್ಲಿದ್ದ ಫರಸಿನ ಅರಸರ ಹೆಸರು ಒಂದೂ ನನಗೆ ನೆನಪಿಲ್ಲ. ಆದರೆ ಹಸಿದ ಹುಳುಗಳನ್ನು ಮುನಿಯಮ್ಮ ಸೊಪ್ಪಿಗಾಗಿ ಕಾಯಿಸಿದ್ದನ್ನು ನಾನು ನೋಡಿದ್ದು ಅದೊಂದೇ ದಿನ.