ಮುಕ್ಕಳಿಸಿದ ಮೇಲಿನ ಅರ್ಧ ಗಂಟೆ

ಮಕ್ಕಳೇ, ನನ್ನ ಕೆಳಸಾಲಿನ ಹಲ್ಲಿನ ಸಂದು ನೋಡಿ ನೀವು ನಗುತ್ತೀರಿ. ನಗಿ. ಆದರೆ ಆ ಹಲ್ಲು ಹೋದ ಬಗೆ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಮಗೆ ಕನ್ನಡ ಓದಲು ಬಾರದು. ನಾನು ಬರೆದಿದ್ದನ್ನು ನಿಮ್ಮಮ್ಮನ ಕೈಲಿ ಓದಿಸಿಕೊಳ್ಳಿ.

ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು, ಒಸಡಿನಲ್ಲಿ ರಕ್ತ ಬರುತ್ತಿತ್ತು. ನಿಮ್ಮಪ್ಪ ನಮ್ಮ ಅನ್ನೂರಿನಿಂದ ಕೊಯಮತ್ತೂರಿಗೆ ಕರೆದುಕೊಂಡು ಹೋದ. ಹಲ್ಲಿನ ಡಾಕ್ಟರಮ್ಮ ಒಸಡು ಶುಚಿ ಮಾಡಿ, ಬಾಯಿ ಮುಕ್ಕಳಿಸುವ ಔಷಧಿ ಬರೆದುಕೊಟ್ಟಳು. "ಎರಡು ವಾರ, ದಿನಕ್ಕೆ ಎರಡು ಸಲ. ಒಸಡು ಗಟ್ಟಿಯಾಗದಿದ್ದರೆ ಹಲ್ಲು ಕೀಳಬೇಕಾಗುತ್ತೆ, ಪಾಟಿ" ಎಂದು, ಅಜ್ಜಿಗೆ ಹೇಳುವಂತೆ, ತಮಿಳಿನಲ್ಲಿ ಹೇಳಿದಳು. ಕೀಳುವ ಮಾತು ಬಂದ ಮೇಲೆ ಅವಳು ಹೇಳಿದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. "ಸರಿಯಾ?" ಎಂದಳು. ತಲೆಯಾಡಿಸಿದೆ. ಇನ್ನೊಮ್ಮೆ ಹೇಳಿ ಎನ್ನಲು ನಾಚಿಕೆ. ನಿಮ್ಮ ತಾತ ಇದ್ದಿದ್ದರೆ ಅವರೇ ಕೇಳುತ್ತಿದ್ದರು. ನಿಮ್ಮಪ್ಪ ಹೊರಗೆ ಫೋನಿನಲ್ಲಿದ್ದ.

ಬಾಟಲಿ ಮೇಲೆಲ್ಲ ಇರುವೆ ಸಾಲಿನಂಥ ಇಂಗ್ಲಿಷು. ನಾನು ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸು ಓದಿದವಳು. ಮುಚ್ಚಳದಲ್ಲಿ ಅಳೆದು ಬಾಯಿಗೆ ಹಾಕಿ, ಮನಸ್ಸಿನಲ್ಲೇ ಮೂವತ್ತು ಎಣಿಸಿ ಉಗುಳುತ್ತಿದ್ದೆ. ಉಗುಳಿದ ಮೇಲೆ ಬಾಯಿ ಎಂಜಲಲ್ಲವೇ? ನೀರು ಹಾಕಿ ಮೂರು ಸಲ ಮುಕ್ಕಳಿಸದೆ ದೀಪ ಮುಟ್ಟುವುದು ಹೇಗೆ, ಒಲೆ ಮುಟ್ಟುವುದು ಹೇಗೆ? ಮುಕ್ಕಳಿಸಿ, ದೀಪ ಹಚ್ಚಿ, ಬಿಸಿ ಕಾಫಿ ಕುಡಿಯುತ್ತಿದ್ದೆ. ಒಂದು ಹೊತ್ತೂ ತಪ್ಪಿಸಲಿಲ್ಲ.

ಎರಡು ವಾರಕ್ಕೆ ಹಲ್ಲೆಲ್ಲ ಕಂದು ಬಣ್ಣ, ಒಸಡಿನಲ್ಲಿ ಅದೇ ರಕ್ತ. ನಿಮ್ಮಪ್ಪನ ಜೊತೆ ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ.

"ನಿಜ ಹೇಳಿ ಪಾಟಿ, ಔಷಧಿ ಬಾಯಿಗೆ ಹಾಕಿದ್ರಾ, ಗಿಡಕ್ಕೆ ಹಾಕಿದ್ರಾ?" ಎಂದಳು.

"ಬಾಯಿಗೇ ಹಾಕಿದೆ. ಆಮೇಲೆ ಚೆನ್ನಾಗಿ ತೊಳೆದುಕೊಂಡೆ."

ಅವಳು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು. "ಅದನ್ನೇ ಬೇಡ ಅಂದಿದ್ದು! ಅರ್ಧ ಗಂಟೆ ನೀರು ಕೂಡದು, ಕಾಫಿ ಕೂಡದು. ತೊಳೆದುಬಿಟ್ಟರೆ ಔಷಧಿ ಕೆಲಸ ಮಾಡೋದು ಯಾವಾಗ? ಈ ಬಣ್ಣವೂ ಕಾಫಿಯಿಂದ ಜಾಸ್ತಿಯಾಗಿದೆ."

"ಅಮ್ಮ, ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದ ನಿಮ್ಮಪ್ಪ. ಕೇಳಲು ಇವನು ಮನೆಯಲ್ಲಿರುತ್ತಾನೆಯೇ?

ಒಂದು ಹಲ್ಲನ್ನು ಅವತ್ತೇ ಕಿತ್ತಳು. ಇನ್ನೊಂದಕ್ಕೆ ಮತ್ತೆ ಎರಡು ವಾರ ಗಡುವು ಕೊಟ್ಟಳು.

ಮನೆಗೆ ಬಂದಾಗ ನಿಮ್ಮಮ್ಮ, "ಅತ್ತೆ, ನೀವು ತೊಳೆಯೋದನ್ನ ದಿನಾ ನೋಡ್ತಿದ್ದೆ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ" ಎಂದಳು. ಅವಳ ಮೇಲಾದರೂ ರೇಗೋಣವೆಂದರೆ ಅದಕ್ಕೂ ದಾರಿ ಇಲ್ಲದಂತಾಯಿತು.

ಆಮೇಲೆ ಬೆಳಗಿನ ಕ್ರಮವನ್ನೆಲ್ಲ ತಿರುಗಾಮುರುಗಾ ಮಾಡಿದೆ. ಮೊದಲು ದೀಪ, ಆಮೇಲೆ ಕಾಫಿ, ಬಹಳ ಹೊತ್ತು ಬಿಟ್ಟು ಔಷಧಿ. ಉಗುಳಿ, ಎಂಜಲು ಬಾಯಲ್ಲೇ ಜಗುಲಿಯ ಮೇಲೆ ಕೂರುತ್ತಿದ್ದೆ. ಏನನ್ನೂ ಮುಟ್ಟುವಂತಿಲ್ಲ, ನಾಲಿಗೆಯಲ್ಲಿ ಕಹಿ. ಗಡಿಯಾರದ ಮುಳ್ಳು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಎರಡು ವಾರವಾದ ಮೇಲೆ ಒಸಡು ಗಟ್ಟಿಯಾಗಿ ಇನ್ನೊಂದು ಹಲ್ಲು ಉಳಿಯಿತು; ಡಾಕ್ಟರಮ್ಮ ಕಲೆ ತೆಗೆದು, ಔಷಧಿ ಸಾಕು ಎಂದಳು. ಅವತ್ತು ಕಣ್ಣು ನೆಲದ ಮೇಲಿಟ್ಟುಕೊಂಡೇ ಕೇಳಿದೆ: "ಇನ್ನೊಂದು ಸಲ ನಿಧಾನವಾಗಿ ಹೇಳಮ್ಮ, ಇನ್ನು ಮುಂದೆ ಏನೇನು ಮಾಡಬೇಕು?" ಅವಳು ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದಳು.

ಮೊದಲ ದಿನವೇ ಆಗಬೇಕಾಗಿದ್ದದ್ದು ಇಷ್ಟೇ. ಒಂದು ಹಲ್ಲಿನಷ್ಟು ತಡವಾಯಿತು.