ಮಂಗಳವಾರ ಮಧ್ಯಾಹ್ನದ ನಾಟಕಗಳು: ಶ್ರೀಮತಿ ಶಾಂತಕುಮಾರಿಯವರ ರಂಗಸೇವೆ

ಕನ್ನಡ ರಂಗಭೂಮಿಯ ಬಗ್ಗೆ ಬರೆಯುವವರು ನಾಟಕಕಾರರನ್ನು ನೆನೆಯುತ್ತಾರೆ, ನಿರ್ದೇಶಕರನ್ನು ನೆನೆಯುತ್ತಾರೆ, ನಟನಟಿಯರನ್ನಂತೂ ಮರೆಯುವುದೇ ಇಲ್ಲ. ನಾಟಕವನ್ನು ಬರೆಸಿದವರನ್ನು ನೆನೆಯುವ ವಾಡಿಕೆ ಮಾತ್ರ ನಮ್ಮಲ್ಲಿ ಬೆಳೆದಿಲ್ಲ. ಹಲಸೂರಿನ ಮೂಡಣ ರಂಗಮಂದಿರದಲ್ಲಿ ಇಪ್ಪತ್ತಮೂರು ವರ್ಷ ಸೇವೆ ಸಲ್ಲಿಸಿ, ಇದೇ ೨೦೦೯ರ ಮಾರ್ಚ್ ಕೊನೆಯಲ್ಲಿ ನಿವೃತ್ತರಾದ ಶ್ರೀಮತಿ ಶಾಂತಕುಮಾರಿಯವರು ಒಂದು ನಾಟಕವನ್ನೂ ಬರೆದವರಲ್ಲ, ಒಂದು ಪಾತ್ರವನ್ನೂ ಕಟ್ಟಿದವರಲ್ಲ. ಆದರೆ ಶಿವಾಜಿನಗರದಿಂದ ಕೃಷ್ಣರಾಜಪುರದವರೆಗಿನ ಬೀದಿಗಳಲ್ಲಿ ಬದುಕುವ ಜನರಿಂದಲೇ ಹತ್ತೊಂಬತ್ತು ಹೊಸ ನಾಟಕಗಳನ್ನು ಬರೆಸಿ, ಅವನ್ನು ರಂಗಕ್ಕೆ ತಂದವರು ಅವರು. ಆ ರಂಗಮಂದಿರದ ಸಲಹಾ ಸಮಿತಿಯಲ್ಲಿದ್ದು ಈ ಕೆಲಸವನ್ನು ಹತ್ತಿರದಿಂದ ಕಂಡವನು ನಾನು. ಒಮ್ಮೆ ಅದಕ್ಕೆ ಅಡ್ಡ ನಿಂತವನೂ ಹೌದು. ಆದ್ದರಿಂದ ಈ ಲೇಖನದಲ್ಲಿ ಹೊಗಳಿಕೆಗಿಂತ ನಡೆದ ಸಂಗತಿಗೇ ಹೆಚ್ಚು ಜಾಗ ಕೊಡುತ್ತೇನೆ.

ಶಾಂತಕುಮಾರಿಯವರು ಹುಟ್ಟಿದ್ದು ಕಗ್ಗದಾಸಪುರದಲ್ಲಿ, ಅದು ಇನ್ನೂ ರಾಗಿ ಹೊಲಗಳ ನಡುವಿನ ಹಳ್ಳಿಯಾಗಿದ್ದಾಗ. ಅವರ ತಂದೆ ಬೌದ್ಧಧರ್ಮವನ್ನು ಸ್ವೀಕರಿಸಿದ್ದ ಕಾರ್ಖಾನೆಯ ಕಾರ್ಮಿಕರು. ಪ್ರತಿ ಭಾನುವಾರ ಮಗಳಿಂದ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ, ಓದು ಮುಗಿದ ಮೇಲೆ, "ಈಗ ಇದರಲ್ಲಿ ಯಾರ ಮಾತು ಬಂದಿಲ್ಲ, ಹೇಳು ನೋಡೋಣ" ಎಂದು ಕೇಳುತ್ತಿದ್ದರಂತೆ. ೧೯೮೬ರಲ್ಲಿ ರಂಗಮಂದಿರಕ್ಕೆ ಬೆರಳಚ್ಚುಗಾರ್ತಿಯಾಗಿ ಸೇರಿದ ಅವರು ಏಳು ವರ್ಷಗಳ ನಂತರ ವ್ಯವಸ್ಥಾಪಕಿಯಾದರು. ವರ್ಷವರ್ಷವೂ ಅವೇ ಐದಾರು ಹೆಸರಾಂತ ನಾಟಕಗಳು ಪ್ರದರ್ಶನವಾಗುತ್ತಿದ್ದ ಆ ವೇದಿಕೆಗೆ, ನಮ್ಮ ಸುತ್ತಲಿನವರಿಂದಲೇ ಹೊಸದನ್ನು ಬರೆಸೋಣವೆಂಬ ಪ್ರಸ್ತಾಪವನ್ನು ೧೯೯೫ರಲ್ಲಿ ಸಮಿತಿಯ ಮುಂದಿಟ್ಟರು. ಸಮಿತಿ ಒಪ್ಪಿತು. ವಿರೋಧಿಸುವಷ್ಟು ಗಂಭೀರವಾಗಿ ಆಗ ಯಾರೂ ಅದನ್ನು ತೆಗೆದುಕೊಂಡಿರಲಿಲ್ಲವೆಂಬುದೇ ಸತ್ಯ.

ಮೊದಲ ನಾಟಕವನ್ನು ಬರೆದವರು ಅಮರಪ್ಪ. ರಾಯಚೂರಿನ ಕಡೆಯಿಂದ ಬಂದು ಕೃಷ್ಣರಾಜಪುರದ ಬಾಡಿಗೆ ಕೋಣೆಯಲ್ಲಿದ್ದ ಗಾರೆ ಕೆಲಸದವರು. ನಾಟಕ ನೋಡಲು ಬಂದವರು ಹದಿನೇಳು ಜನ. ವಾರ್ಷಿಕ ವರದಿಯಲ್ಲಿ "ಸಾಧಾರಣ ಪ್ರತಿಕ್ರಿಯೆ" ಎಂದು ಬರೆದರೆ ಸಾಕಿತ್ತು. ಶಾಂತಕುಮಾರಿಯವರು "ಹದಿನೇಳು ಜನ, ತಪ್ಪು ನನ್ನದು" ಎಂದು ಬರೆದರು. ಅಮರಪ್ಪನವರ ಜೊತೆಯ ಕೆಲಸಗಾರರು ಮನೆ ಸೇರುವ ಹೊತ್ತನ್ನು ವಿಚಾರಿಸದೆ ಪ್ರದರ್ಶನದ ವೇಳೆ ಗೊತ್ತುಮಾಡಿದ್ದು ಅವರ ಪ್ರಕಾರ ದೊಡ್ಡ ಅಪರಾಧ.

ಎರಡು ವರ್ಷಗಳ ನಂತರ ನಡೆದದ್ದೇ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ರಂಗಮಂದಿರದ ಕರಪತ್ರಗಳು ಶಿವಾಜಿನಗರದ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದವು. ಒಮ್ಮೆ ಶಾಂತಕುಮಾರಿಯವರು "ಕಲಾರಸಿಕರು ಅಧಿಕ ಸಂಖ್ಯೆಯಲ್ಲಿ ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕೆಂದು ಕೋರಿಕೆ" ಎಂದು ಬರೆದು ಕಳಿಸಿದ ಕಡೆ, "ಬನ್ನಿ. ಕೊನೇವರೆಗೂ ಕೂತು ನೋಡಿ" ಎಂದು ಅಚ್ಚಾಗಿ ಬಂದಿತ್ತು. ಕೋಪದಿಂದಲೇ ಅವರು ಮುದ್ರಣಾಲಯಕ್ಕೆ ಹೋದರು. ಅಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದವರು ಬಿಲ್ಕೀಸ್ ಎಂಬ ನಲವತ್ತರ ಹೆಣ್ಣುಮಗಳು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ತಂದೆಯಿಂದ ಈ ಕಸುಬು ಕಲಿತವರು.

"ಆ ಸೈಜಿನ ಮೊಳೆ ಸಾಲ್ಲಿಲ್ಲ ಮೇಡಂ," ಎಂದರು ಬಿಲ್ಕೀಸ್. "ಉದ್ದದ್ದು ತೆಗ್ದು ಚಿಕ್ಕದು ಹಾಕ್ದೆ. ತಪ್ಪಾಯ್ತಾ?"

"ತಪ್ಪೇನಾಗಿಲ್ಲ," ಎಂದರಂತೆ ಶಾಂತಕುಮಾರಿ, ಕರಪತ್ರವನ್ನು ಇನ್ನೊಮ್ಮೆ ಓದಿ. "ನೀವು ನಮಗೊಂದು ನಾಟಕ ಬರ್ಕೊಡ್ತೀರಾ?"

ಬಿಲ್ಕೀಸ್ ನಕ್ಕು ಕೆಲಸಕ್ಕೆ ತಿರುಗಿದರು. ಮೂರನೆಯ ಸಲ ಹೋಗಿ ಕೇಳಿದಾಗ ಒಪ್ಪಿಕೊಂಡರು. ಒಪ್ಪಿಗೆ ಪತ್ರದಲ್ಲಿ, ಬರೆದವರ ಸಮ್ಮತಿಯಿಲ್ಲದೆ ಒಂದಕ್ಷರವೂ ಬದಲಾಗದೆಂಬ ಸಾಲನ್ನು ಶಾಂತಕುಮಾರಿಯವರು ತಾವೇ ಸೇರಿಸಿದ್ದರು.

ಏಳು ತಿಂಗಳ ನಂತರ ಬಂದ ನಾಟಕದ ಹೆಸರು 'ಚಾಂದ್ ಬೀ ಬರೆಸಿದ ಕಾರ್ಡು'. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಮಗಳನ್ನು ಸಾಕಿದ ಚಾಂದ್ ಬೀ, ಮಗಳ ಮದುವೆಯ ಕಾರ್ಡಿನಲ್ಲಿ ಗಂಡನ ಹೆಸರು ಬೇಡ, ತನ್ನ ಹೆಸರೊಂದೇ ಇರಲಿ ಎಂದು ಮುದ್ರಣಾಲಯದ ಯಜಮಾನನೊಡನೆ ವಾದಿಸುವುದೇ ಅದರ ಕಥೆ. ಚಾಂದ್ ಬೀ ಆಡುವುದು ಉರ್ದು ಬೆರೆತ ಕನ್ನಡ. ಯಜಮಾನನದು ತಮಿಳು ಬೆರೆತದ್ದು.

ಆಗ ಸಮಿತಿಯ ಅಧ್ಯಕ್ಷರಾಗಿದ್ದವರು ಭಗವಂತರಾಯರು. ಕಲಬುರಗಿ ಜಿಲ್ಲೆಯಿಂದ ಬಂದು, ಸರ್ಕಾರಿ ಅಧಿಕಾರಿಯಾಗಿ ದುಡಿದು ನಿವೃತ್ತರಾದ ಸಜ್ಜನರು, ಸಭೆಗಳಲ್ಲಿ ಗ್ರಂಥಸ್ಥ ಕನ್ನಡವನ್ನೇ ಆಡುತ್ತಿದ್ದವರು. "ಈ ಬಗೆಯ ಮಾತು ನಮ್ಮ ವೇದಿಕೆಗೆ ಬಂದದ್ದೆಲ್ಲ ಜನರನ್ನು ನಗಿಸುವುದಕ್ಕೆ ಮಾತ್ರ," ಎಂದರು ಅವರು. "ಪ್ರೇಕ್ಷಕರು ಆ ತಾಯಿಯನ್ನು ನೋಡಿ ನಕ್ಕುಬಿಡುತ್ತಾರೆ. ಬರೆದ ಹೆಣ್ಣುಮಗಳಿಗೆ ಅವಮಾನವಾಗುತ್ತದೆ. ಭಾಷೆಯನ್ನು ತಿದ್ದಿಸೋಣ." ಅವರ ಆತಂಕ ಪ್ರಾಮಾಣಿಕವಾಗಿತ್ತು. ಇಂದಿರಾನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ ತಿದ್ದುವ ಕೆಲಸ ಬಂತು. ನಾನು ಅದನ್ನು ಸಂತೋಷದಿಂದ, ನಾಲ್ಕೇ ದಿನಗಳಲ್ಲಿ ಮುಗಿಸಿದೆ. "ಅವ್ನ ಹೆಸ್ರು ಹಾಕ್ಬೇಡಿ ಭಾಯ್, ಇಪ್ಪತ್ ವರ್ಷ ರೊಟ್ಟಿ ಹಾಕಿದ್ದು ನಾನು" ಎಂಬಲ್ಲಿ, "ದಯವಿಟ್ಟು ಆತನ ಹೆಸರನ್ನು ಮುದ್ರಿಸಬೇಡಿ, ಎರಡು ದಶಕಗಳ ಕಾಲ ಇವಳನ್ನು ಪೋಷಿಸಿದವಳು ನಾನು" ಎಂದು ಬರೆದೆ.

ಶಾಂತಕುಮಾರಿಯವರು ನನ್ನ ಪ್ರತಿಯನ್ನು ಓದಿ ಕೈಚೀಲಕ್ಕೆ ಹಾಕಿಕೊಂಡರು. "ಬರ್ದೋರ ಒಪ್ಪಿಗೆ ಬೇಕಲ್ಲ ಸಾರ್, ನಡೀರಿ ಹೋಗೋಣ," ಎಂದು ನನ್ನನ್ನೂ ಕರೆದುಕೊಂಡು ಶಿವಾಜಿನಗರಕ್ಕೆ ಹೊರಟರು.

ಬಿಲ್ಕೀಸ್ ಕೈಗಂಟಿದ್ದ ಮಸಿ ಒರೆಸಿಕೊಂಡು, ಯಂತ್ರದ ಸದ್ದಿನ ನಡುವೆ ನಿಂತೇ ಇಡೀ ಪ್ರತಿಯನ್ನು ಓದಿದರು. ಓದುತ್ತಾ ನಾನು ಬಿಟ್ಟಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತೋರಿಸಿದರು. ಆಮೇಲೆ ಹೇಳಿದರು:

"ಚೆನ್ನಾಗಿ ಬರ್ದಿದೀರ ಸಾರ್. ಸುಳ್ಳು ಹೇಳಲ್ಲ. ಆದ್ರೆ ಒಂದ್ಮಾತು, ಈ ಹೆಂಗ್ಸು ಇಷ್ಟ್ ಚೆನ್ನಾಗಿ ಕನ್ನಡ ಮಾತಾಡಿದ್ರೆ ಪ್ರೆಸ್‌ನೋನು ಎದ್ದು ಕುರ್ಚಿ ಕೊಟ್ಟು, ಕೇಳ್ದಂಗೇ ಕಾರ್ಡ್ ಹಾಕ್ಕೊಟ್ಬಿಡ್ತಾನೆ. ನಾಟಕ ಎಲ್ಲಿ ಉಳೀತು?"

ಇಪ್ಪತ್ತು ವರ್ಷ ಸಾಹಿತ್ಯ ಪಾಠ ಹೇಳಿದ್ದ ನಾನು ಕೈ ಚಾಚಿ ನನ್ನ ಪ್ರತಿಯನ್ನು ಹಿಂದಕ್ಕೆ ತೆಗೆದುಕೊಂಡೆ. ನನ್ನ ತಾಯಿ ಕೃಷ್ಣರಾಜಪುರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿ ನನ್ನನ್ನು ಓದಿಸಿದವರು. ಸಹೋದ್ಯೋಗಿಗಳು ಮನೆಗೆ ಬಂದಾಗ ಅವರು ಬಾಯಿ ತೆರೆಯುವ ಮೊದಲೇ ನಾನು ಮಾತು ಮುಂದುವರಿಸಿಬಿಡುತ್ತಿದ್ದೆ. ಆ ಮುದ್ರಣಾಲಯದಲ್ಲಿ ನಿಂತಾಗ ಅದು ನೆನಪಾಗಿ ಮುಖ ಬಿಸಿಯಾಯಿತು. ಶಾಂತಕುಮಾರಿಯವರು ನನ್ನ ಕಡೆ ನೋಡದೆ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ನೋಡುತ್ತಾ ನಿಂತಿದ್ದರು. ಅವರ ದಾಕ್ಷಿಣ್ಯಗಳಲ್ಲಿ ಇದೂ ಒಂದೆಂದು ನಾನು ಎಣಿಸಿದ್ದೇನೆ. ಹಿಂತಿರುಗುವ ದಾರಿಯಲ್ಲಿ ತಾಯಿಯ ಸಂಗತಿಯನ್ನು ನಾನೇ ಅವರಿಗೆ ಹೇಳಿದೆ.

ಮುಂದಿನ ಸಭೆಯಲ್ಲಿ ನನ್ನ ಪ್ರತಿಯನ್ನು ನಾನೇ ಹಿಂತೆಗೆದುಕೊಂಡೆ. ಅಧ್ಯಕ್ಷರು ಮಾತ್ರ ಒಪ್ಪಲಿಲ್ಲ.

"ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರೋದು ನಾನು," ಎಂದರು ಶಾಂತಕುಮಾರಿ. "ನಾಟಕ ಬೇಡ ಅನ್ನೋದಾದ್ರೆ ಸರಿ, ಬೇಡ ಅಂತಲೇ ಬರ್ಕೊಡಿ, ನಾನು ಅವರಿಗೆ ತಲುಪಿಸ್ತೀನಿ. ಆದ್ರೆ ಬೇರೆಯವ್ರ ಮಾತನ್ನ ಅವ್ರ ಹೆಸ್ರಲ್ಲಿ ಆಡ್ಸೋದು ನನ್ನ ಕೈಲಿ ಆಗಲ್ಲ."

ದೀರ್ಘ ಚರ್ಚೆಯ ನಂತರ ಸಮಿತಿ ಒಂದು ನಡುದಾರಿ ಕಂಡುಕೊಂಡಿತು. ನಾಟಕವಾಗಲಿ, ಆದರೆ ವಾರಾಂತ್ಯದ ಸಂಜೆಗಳಲ್ಲಿ ಅಲ್ಲ. ಸಭಾಂಗಣವನ್ನು ಯಾರೂ ಕೇಳದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ. ಯಾರಿಗೂ ಕಾಣದ ಹಾಗೆ ಮುಗಿದುಹೋಗಲಿ ಎಂಬುದೇ ಇದರ ತಾತ್ಪರ್ಯವೆಂದು ಎಲ್ಲರಿಗೂ ಗೊತ್ತಿತ್ತು. ಶಾಂತಕುಮಾರಿಯವರು ಆ ವೇಳೆಯನ್ನು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಎದ್ದರು.

ಮುಂದಿನ ಮೂರು ವಾರ ಅವರು ಮಾಡಿದ್ದು ನಡಿಗೆ. ಅಮರಪ್ಪನವರ ನಾಟಕ ಕಲಿಸಿದ ಪಾಠವನ್ನು ಅವರು ಮರೆತಿರಲಿಲ್ಲ. ಹೊಲಿಗೆ ತರಗತಿಗಳು, ನ್ಯಾಯಬೆಲೆ ಅಂಗಡಿಯ ಸಾಲುಗಳು, ಹೆರಿಗೆ ಆಸ್ಪತ್ರೆಯ ಹೊರಗಿನ ಬೆಂಚುಗಳು, ಹೀಗೆ ಹೆಂಗಸರಿರುವ ಕಡೆಗೇ ಹೋಗಿ, ಊಟದ ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು ಸಿಗುವ ಆ ಹೊತ್ತಿನಲ್ಲಿ ಬನ್ನಿರೆಂದು ಬಾಯಿಮಾತಿನಲ್ಲೇ ಕರೆದರು.

ಆ ಮಂಗಳವಾರ ಎರಡೂವರೆಗೆಲ್ಲ ಸಭಾಂಗಣ ತುಂಬಿತ್ತು. ಬುರ್ಖಾ ತೊಟ್ಟವರು, ಹೂ ಮುಡಿದವರು, ಕಂಕುಳಲ್ಲಿ ಕೂಸಿದ್ದವರು. ಬಹುಮಂದಿಗೆ ಅದೇ ಮೊದಲ ನಾಟಕ. ಕಮ್ಮನಹಳ್ಳಿಯ ರೇವತಿ ಚಾಂದ್ ಬೀಯಾಗಿ ವೇದಿಕೆಗೆ ಬಂದು ಮೊದಲ ಮಾತಾಡುತ್ತಲೇ ನಗೆಯೆದ್ದಿತು. ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಭಗವಂತರಾಯರು ಕಣ್ಣು ಮುಚ್ಚಿಕೊಂಡರು. ಬಿಲ್ಕೀಸ್ ಪರದೆಯ ಮರೆಯಲ್ಲಿದ್ದರು. ಶಾಂತಕುಮಾರಿಯವರು ಅವರ ಕೈ ಹಿಡಿದಿದ್ದರೆಂದು ಆಮೇಲೆ ತಿಳಿಯಿತು. ಆದರೆ ಆ ನಗೆ ತಮ್ಮ ಮನೆಯ ಮಾತನ್ನು ವೇದಿಕೆಯ ಮೇಲೆ ಕೇಳಿದವರ ನಗೆಯಾಗಿತ್ತು. ಯಜಮಾನನು "ಅಪ್ಪನ ಹೆಸ್ರಿಲ್ದೆ ಕಾರ್ಡ್ ಹಾಕಕ್ಕಾಗಲ್ಲಮ್ಮಾ" ಎಂದಾಗ ಮಧ್ಯದ ಸಾಲಿನಿಂದ ಒಬ್ಬಾಕೆ, "ಹಾಕ್ಬೇಡ್ರೀ ಅವ್ನ ಹೆಸ್ರು!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ಕೊನೆಯ ದೃಶ್ಯದಲ್ಲಿ ಚಾಂದ್ ಬೀ ಕಾರ್ಡಿನಲ್ಲಿ ತನ್ನ ಹೆಸರನ್ನು ಬೆರಳಿಟ್ಟು ನಿಧಾನವಾಗಿ ಓದುವಾಗ ಕೂಸುಗಳ ಅಳುವಿನ ಹೊರತು ಬೇರೆ ಸದ್ದಿರಲಿಲ್ಲ.

ನಾಟಕ ಮುಗಿದ ಮೇಲೆ ಭಗವಂತರಾಯರು ಶಾಂತಕುಮಾರಿಯವರ ಬಳಿ ಹೋಗಿ, "ಮುಂದಿನ ಮಂಗಳವಾರನೂ ಹಾಲ್ ಖಾಲಿ ಅದ ಅಲ್ಲಾ?" ಎಂದರು. ಅವರ ಊರ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪತ್ರಿಕೆಗಳು ಈ ನಾಟಕದ ಬಗ್ಗೆ ಏನೂ ಬರೆಯಲಿಲ್ಲ. ಆದರೂ ಮಂಗಳವಾರ ಮಧ್ಯಾಹ್ನದ ಪ್ರದರ್ಶನಗಳು ಅಂದಿನಿಂದ ಹನ್ನೊಂದು ವರ್ಷ ನಡೆದುಬಂದವು. ಬಿಲ್ಕೀಸ್ ಬರೆದ ಎರಡನೆಯ ನಾಟಕವನ್ನು, ಅದು ಮೊದಲನೆಯದರ ನಕಲಿನಂತಿದೆ ಎಂಬ ಕಾರಣ ಹೇಳಿ, ಶಾಂತಕುಮಾರಿಯವರೇ ತಿರಸ್ಕರಿಸಿದರು. ತಿರಸ್ಕರಿಸಿದ ನಾಟಕವನ್ನು ಅವರು ಎಂದೂ ಅಂಚೆಯಲ್ಲಿ ಕಳಿಸಿದವರಲ್ಲ. ಬರೆದವರ ಮನೆಗೆ ಹೋಗಿ, ಚಹಾ ಕುಡಿದು, ಕೈಗೆ ಕೊಟ್ಟು ಬರುತ್ತಿದ್ದರು. ಬಿಲ್ಕೀಸ್ ಒಂದು ವರ್ಷ ಮಾತು ಬಿಟ್ಟಿದ್ದರು. ಅಷ್ಟರಲ್ಲಿ ಕಂಪ್ಯೂಟರ್ ಬಂದು ಮೊಳೆ ಜೋಡಿಸುವ ಮುದ್ರಣಾಲಯವೂ ಮುಚ್ಚಿತು. ೨೦೦೩ರಲ್ಲಿ ಅವರ ಮೂರನೆಯ ನಾಟಕ ಬಂತು. ಮೂರರಲ್ಲಿ ಅದೇ ಉತ್ತಮವೆಂದು ಇಬ್ಬರೂ ಇಂದು ಒಪ್ಪುತ್ತಾರೆ.

ನಿವೃತ್ತಿಯ ಮರುವಾರ ಶಾಂತಕುಮಾರಿಯವರು ನನ್ನ ಮನೆಗೆ ಬಂದಿದ್ದರು. "ಬೇರೆಯವ್ರದ್ದು ಬೇಕಾದಷ್ಟು ತಿದ್ದಿದ್ದೀರಿ ಅಂಜನಮೂರ್ತಿ ಸಾರ್," ಎಂದರು. "ಈಗ ನಿಮ್ದೊಂದು ಬರೀರಿ. ನಿಮ್ಮ ತಾಯಿಯವರು ಮಾತಾಡ್ತಿದ್ದ ಹಾಗೇ ಬರೀಬೇಕು. ರಂಗಮಂದಿರಕ್ಕಲ್ಲ, ನಮ್ಮನೆ ಅಂಗಳದಲ್ಲೇ ಆಡ್ಸೋಣ." ನಾನೀಗ ಮೂರನೆಯ ದೃಶ್ಯದಲ್ಲಿದ್ದೇನೆ, ಎರಡು ಸಲ ಹರಿದುಹಾಕಿದ್ದೇನೆ. ಶಾಂತಕುಮಾರಿಯವರಿಗೆ ಆಯುರಾರೋಗ್ಯಗಳು ಪೂರ್ಣವಾಗಿ ಲಭಿಸಲಿ, ಅವರ ಅಂಗಳದಲ್ಲಿ ಹೊಸ ಮಾತುಗಳು ಕೇಳುತ್ತಲೇ ಇರಲಿ ಎಂಬ ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಬೆರೆತಿದೆ. ನನ್ನ ನಾಟಕವನ್ನು ಅವರು ಓದಬೇಕು. ಚೆನ್ನಾಗಿಲ್ಲದಿದ್ದರೆ ನನ್ನ ಮನೆಗೂ ಬಂದು, ಚಹಾ ಕುಡಿದು, ಕೈಗೆ ಕೊಟ್ಟು ಹೋಗಬೇಕು.